ಮಣೆಯ ಮೇಲೆ ಕುಳಿತ ಶೇಗಡಿ

ಶೇಗಡಿಯ ಕೆಳಗಿನ ಮಣೆ ಧಗಧಗ ಉರಿಯತೊಡಗಿದಾಗಲೇ ಮನೆಯ ಒಡತಿ ಗಂಗಕ್ಕ ಅಂಗಳಕ್ಕೆ ಬರಬೇಕೆ! ಐವತ್ತರ ದಶಕದ ಗೋಕಾಕ; ನಾವು ಅವರ ಬಾಡಿಗೆದಾರರು. ಹೊಸದಾಗಿ ಹಾಕಿಸಿದ ಕೆಂಪು ಗಚ್ಚಿನ ಕಟ್ಟೆ ಬಿರಿದರೆ ಮನೆ ಬಿಡಬೇಕೆಂದು ಮೊದಲೇ ಅಪ್ಪಣೆಯಾಗಿತ್ತು. ಮಮದಾಪುರದಿಂದ ಬಂದ ಎಳೆಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಆಸೆಗೆ, ಕಟ್ಟೆಯ ರಕ್ಷಣಾರ್ಥವಾಗಿ ಇದ್ದಿಲ ಶೇಗಡಿಯನ್ನು ಊಟದ ಮಣೆಯ ಮೇಲೆ ಪ್ರತಿಷ್ಠಾಪಿಸಿದ್ದೆ. ಕಟ್ಟಿಗೆಗೆ ಬೆಂಕಿ ಹತ್ತುತ್ತದೆಂಬ ಸಂಗತಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಗಮನಕ್ಕೆ ಬಂದಿರಲಿಲ್ಲ.

ಗಾಬರಿಯಿಂದ ನೀರಿನ ಕೊಡ ಎತ್ತಿದೆ.

“ನೀರು ಬ್ಯಾಡ್ರಿ ಮಾಸ್ತರ! ಕಾದ ಗಚ್ಚು ಬಿರೀತೈತಿ!” ಎಂದು ಕೂಗಿದ ಗಂಗಕ್ಕ, ಒಲೆಯ ಬೂದಿ ತಂದು ಸುರಿದು ಬೆಂಕಿ ಆರಿಸಿದರು. ಆಮೇಲೆ ಶೇಗಡಿ ಇಳಿಸಿ, ಸುಟ್ಟ ಮಣೆ ತೆಗೆದು, ಕಟ್ಟೆಯ ಮೇಲೆ ಮೂರು ಬೆರಳು ದಪ್ಪ ಬೂದಿ ಹರಡಿ, ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಶೇಗಡಿ ಕೂಡಿಸಿದರು. ಕಟ್ಟೆಯನ್ನು ಅಂಗೈಯಿಂದ ಸವರಿ ನೋಡಿದರು. ಒಂದು ಗೆರೆಯೂ ಇರಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತರು.

“ನಿಂತು ಏನ್ ನೋಡ್ತೀರಿ? ತೆನಿ ಕೊಡ್ರಿ. ಶೇಂಗಾ ಚಟ್ನಿ ಐತಿಲ್ಲೋ?”

ಮನೆ ಉಳಿಯಿತು. ಅಂದಿನಿಂದ ಪ್ರತಿ ಚಳಿಗಾಲ ನಮ್ಮ ಸೀತನಿಯ ಅಧ್ಯಕ್ಷತೆ ಗಂಗಕ್ಕನದು; ವಿಜ್ಞಾನದ ಮಾಸ್ತರನಿಗೆ ಬೂದಿ ಹೊರುವ ಕೆಲಸವನ್ನಷ್ಟೇ ನಂಬಿ ಒಪ್ಪಿಸುತ್ತಿದ್ದರು.