ಅಣ್ಣನ ಹೆಸರಿದ್ದ ಕಲ್ಲು

ಯುದ್ಧದಲ್ಲಿ ಸತ್ತ ನನ್ನ ಅಣ್ಣನ ಹೆಸರನ್ನು ನಗರದ ನಡುವೆ ಕಟ್ಟುವ ಸ್ಮಾರಕದಲ್ಲಿ ಕೆತ್ತುತ್ತಾರೆಂದು ವರ್ಷಗಟ್ಟಲೆ ಕೇಳುತ್ತಲೇ ಇದ್ದೆವು. ಬೊಮ್ಮಸಂದ್ರದ ಕಾರ್ಖಾನೆಗೆ ರಜೆ ಹಾಕಿ ಅವ್ವನನ್ನು ಮೊದಲ ಸಲ ಕರೆದೊಯ್ದಾಗ ಕೆಲಸ ನಿಂತುಹೋಗಿ, ಸುತ್ತ ತಗಡಿನ ಬೇಲಿಯಿತ್ತು. ಮುಂದಿನ ಸಲ ಯಾರೋ ಮಂತ್ರಿ ಬರುತ್ತಾರೆಂದು ಗೇಟು ಹಾಕಿದ್ದರು. ಕೊನೆಗೆ ಒಳಗೆ ಬಿಟ್ಟ ದಿನ ಹೆಸರೇನೋ ಸಿಕ್ಕಿತು, ಆದರೆ ಕಲ್ಲಿನ ಮುಂದೆ ಹಗ್ಗ ಕಟ್ಟಿದ್ದರು.

ಅವ್ವ ಕೈ ಚಾಚಿದಳು.

“ಮುಟ್ಬಾರ್ದು ಕಣಮ್ಮ, ಇಲ್ಲಿಂದ್ಲೇ ಓದ್ಕೊಳ್ಳಿ,” ಎಂದ ಕಾವಲುಗಾರ.

“ನನಗ ಓದಾಕ ಬರೂದಿಲ್ಲಪಾ,” ಎಂದಳು ಅವ್ವ.

ಅವನು ಜಗ್ಗಲಿಲ್ಲ. ನಾನು ಸಿಟ್ಟಿನಿಂದ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಅವ್ವ ಹಗ್ಗದಡಿ ನುಸುಳಿ ಕಲ್ಲಿನ ಬಳಿ ಹೋಗಿ, “ಎಲ್ಲೈತಿ, ತೋರಿಸು,” ಎಂದು ನನ್ನನ್ನು ಕರೆದಳು. ಅವಳ ಬೆರಳು ಹಿಡಿದು ಅಣ್ಣನ ಹೆಸರಿನ ಮೇಲೆ ಆಡಿಸಿದೆ. ಕಾವಲುಗಾರ ಸೀಟಿ ಊದುತ್ತಲೇ ಇದ್ದ.