ಇಲ್ಲದ ನಾಯಿಗೆ ಕೂಳು

ಗಬ್ಬೂರಿನ ವೆಂಕಮ್ಮ ರಾಯಚೂರಿನ ಒಂದು ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಾಳೆ. ಎಚ್‌ಐವಿ ಗುಳಿಗೆ ಬಿಟ್ಟವರನ್ನು ಹುಡುಕಿ ಮತ್ತೆ ನುಂಗಿಸುವುದು. ತಾನೂ ಅದೇ ಗುಳಿಗೆಯವಳು. ಗುಟ್ಟು ಕಾಯಬೇಕಲ್ಲ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಕೇಳಿದವರಿಗೆಲ್ಲ ಇನ್ಶೂರೆನ್ಸ್ ಏಜೆಂಟ್ ಎನ್ನುತ್ತಾಳೆ. ಇದರಿಂದ ಒಂದು ಲಾಭವಿದೆ: ಅವಳು ಬಸ್ಸಿಳಿದರೆ ಊರಿನ ಒಬ್ಬರೂ ಹತ್ತಿರ ಸುಳಿಯುವುದಿಲ್ಲ.

ಹೋದ ವರ್ಷ ಸಂಸ್ಥೆಯವರು ಅವಳನ್ನು ತರಬೇತಿಗೆ ಕೂರಿಸಿದರು. ಎ.ಸಿ. ಹಾಲ್, ಗೋಡೆಯ ಮೇಲೆ ಪ್ರಪಂಚದ ಭೂಪಟ. ಗುಳಿಗೆ ಶುರುವಾಗಿ ಮೈಗೆ ಶಕ್ತಿ ಬರತೊಡಗಿದಾಗಲೇ ಕೆಲವರಿಗೆ ಕಾಯಿಲೆ ಉಲ್ಬಣಿಸುತ್ತದೆ, ಇದಕ್ಕೆ ಐರಿಸ್ ಎನ್ನುತ್ತಾರೆ, ಆಗ ಗುಳಿಗೆ ಬಿಡಬಾರದು ಎಂದರು ಡಾಕ್ಟರು. ಮದುವೆಯ ಐರಾಣಿ ಗಡಿಗೆ ಬಿಟ್ಟರೆ ಅಂಥ ಪದವನ್ನೇ ಕೇಳದ ವೆಂಕಮ್ಮ ಗಂಭೀರವಾಗಿ ತಲೆಯಾಡಿಸಿದಳು. ಒಳಗೆ ಅಡಗಿ ಕೂತ ಸೋಂಕು ದೇಶಕ್ಕೊಂದಂತೆ. ಆಫ್ರಿಕಾದ ಕೆಲವೆಡೆ ಮೆದುಳಿಗೇರುವ ಬೂಷ್ಟು, ಅಮೆರಿಕದ ಕಡೆ ಕಣ್ಣು ತಿನ್ನುವ ವೈರಸ್ಸು. ನಮಗೆ ಅಂಥ ಭಾಗ್ಯವೆಲ್ಲಿ, ನಮ್ಮಲ್ಲಿ ಹೆಚ್ಚಾಗಿ ಅದೇ ಹಳೆಯ ಟಿಬಿ. ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಪ್ರಮಾಣಪತ್ರ.

ಪತ್ರದ ಮೇಲಿನ ತಾರೀಖು ನೋಡಿ ವೆಂಕಮ್ಮ ಬೆರಳು ಮಡಚಿ ಎಣಿಸಿದಳು. ಕಲ್ಲೂರಿನ ಯಮನೂರಪ್ಪ ಸತ್ತು ಅಂದಿಗೆ ಹನ್ನೊಂದು ದಿನ. ಗುಳಿಗೆ ಶುರುಮಾಡಿದ ಮೇಲೆ ಜ್ವರ ಜಾಸ್ತಿಯಾಯಿತು ಎಂದು ಅವನು ಫೋನ್ ಮಾಡಿದಾಗ, ಗುಳಿಗೆಯನ್ನು ನಾಲ್ಕು ದಿನ ನಿಲ್ಲಿಸಿ ನೋಡು ಎಂದವಳು ಅವಳೇ. ಜ್ಞಾನ ಬಂತು, ಸರ್ಕಾರಿ ಬಸ್ಸಿನಂತೆ ತನಗೆ ಬೇಕಾದ ಹೊತ್ತಿಗೆ ಬಂತು.

ಹಾಗಾಗಿ ಈ ವರ್ಷ ಅರಕೇರಾದ ದುರುಗೇಶ ಇಪ್ಪತ್ತೇ ದಿನಕ್ಕೆ ಗುಳಿಗೆ ಬಿಟ್ಟನೆಂದು ತಿಳಿದಾಗ ಅವಳು ಮೊದಲ ಬಸ್ಸಿಗೇ ಓಡಿದಳು. ಅವನ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು, ಮೈ ಕೆಂಡ. ಪಕ್ಕದಲ್ಲಿ ಕುರಿ ಕಾಯ್ದೇ ಮುದುಕಿಯಾದ ತಾಯಿ ಮಾರೆಮ್ಮ. ಎಲ್ಲ ಬಲ್ಲ ನೆಂಟ ವಿರೂಪಣ್ಣ ಗಂಟಿಗೆ ಬರೆ ಹಾಕಲು ಅಂಗಳದಲ್ಲಿ ಕಬ್ಬಿಣ ಕಾಯಿಸುತ್ತಿದ್ದ. ಶಕ್ತಿಯ ಗುಳಿಗೆ ಹೀಟಾಗಿದೆ ಎಂಬುದು ಅವನ ತೀರ್ಪು. ಯಾವ ಗುಳಿಗೆ ಎಂದು ಅವನಿಗೆ ಗೊತ್ತಿರಲಿಲ್ಲ, ತೀರ್ಪಿಗೆ ಅದೇನೂ ಅಡ್ಡಿಯಾಗಿರಲಿಲ್ಲ.

ಕಬ್ಬಿಣ ಕೆಂಪಾಗುವುದರೊಳಗೆ ಒಪ್ಪಿಸಬೇಕು. ವೆಂಕಮ್ಮ ಕಲಿತದ್ದನ್ನೆಲ್ಲ ಮೆಲುದನಿಯಲ್ಲಿ ಹೇಳಿದಳು. ಆಫ್ರಿಕಾ ಬಂತು, ಅಮೆರಿಕ ಬಂತು, ಅರಕೇರಾ ಮಾತ್ರ ಬರಲಿಲ್ಲ. ದುರುಗೇಶ ಗೋಡೆ ಕಡೆ ಹೊರಳಿ ಮಲಗಿದ. ಮಾರೆಮ್ಮ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮ ಗುಳಿಗಿ ತಗೊಂಡು ಸತ್ತೋರು ಎಷ್ಟು ಮಂದಿ ಅದಾರವ್ವ?"

ಯಾರೂ ಇಲ್ಲ ಎನ್ನುವುದು ಸುಲಭವಿತ್ತು. ಸಂಸ್ಥೆಯ ವರದಿಯಲ್ಲೂ ಹಾಗೆಯೇ ಇತ್ತು. ವೆಂಕಮ್ಮ ನಿಜವನ್ನೇ ಹೇಳಿದಳು.

"ತಗೊಂಡಲ್ಲ ಯವ್ವಾ. ಬಿಟ್ಟು ಒಬ್ಬಾವ ಸತ್ತ. ಬಿಡು ಅಂದಾಕಿ ನಾನೇ."

ಮಾರೆಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಪಾಠ ಒಪ್ಪಿಸುತ್ತಿದ್ದ ಹೆಂಗಸು ಈಗ ಮನುಷ್ಯಳಂತೆ ಮಾತಾಡಿದಳು ಅನ್ನಿಸಿರಬೇಕು. ಆಮೇಲೆ ಮಗನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹಸದ ನಾಯಿ, ತೋಳ ಕುರಿ ದೊಡ್ಡ್ಯಾಗ ಬಂದು ಮಲಗಿದ್ರೂ ಬೊಗಳಂಗಿಲ್ಲ. ನಾಕು ದಿನ ಕೂಳು ಹಾಕಿದ್ರ ಎದ್ದು ಬೊಗಳತದ. ತೋಳ ಮೊದಲೇ ಇತ್ತು, ನಾಯಿ ತಂದಿದ್ದಲ್ಲ. ದುರುಗ್ಯಾ, ನಾವು ನಾಯಿ ಕೂಳು ಕಸಗೊಂಡೀವಲೇ."

ಭೂಪಟ ಹಿಡಿದು ಇಡೀ ದಿನ ಹೇಳಿದ್ದನ್ನು ಮುದುಕಿ ಹೋಳಿಗೆಯಿಲ್ಲದೆ ಮುಗಿಸಿದಳು. ದುರುಗೇಶ ಎದ್ದು ಕುಳಿತು ಚಪ್ಪಲಿ ಹುಡುಕಿದ. ವಿರೂಪಣ್ಣ ಕಾದ ಕಬ್ಬಿಣ ಹಿಡಿದು ಒಳಗೆ ಬರುವಷ್ಟರಲ್ಲಿ ಮೂವರೂ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ರಾಯಚೂರಿನಲ್ಲಿ ಪರೀಕ್ಷೆ ಮಾಡಿದರೆ ಟಿಬಿಯೇ. ಡಾಕ್ಟರು ಅದರ ಗುಳಿಗೆ ಸೇರಿಸಿದರು, ಹಳೆಯದನ್ನೂ ಮತ್ತೆ ಶುರುಮಾಡಿಸಿದರು. ಎರಡು ತಿಂಗಳಲ್ಲಿ ಗಂಟು ಇಳಿಯಿತು. ತನ್ನ ಕಬ್ಬಿಣ ನೋಡಿಯೇ ಅದು ಹೆದರಿತು ಎಂದು ವಿರೂಪಣ್ಣ ಹೇಳುತ್ತಾನೆ, ಊರು ನಂಬುತ್ತದೆ.

ಸಂಜೆ ವೆಂಕಮ್ಮ ಫೋನ್ ಮಾಡಿದರೆ, ಅವಳು ಕೇಳುವ ಮೊದಲೇ ಅತ್ತ ಮಾರೆಮ್ಮ ಕೂಗುವುದು ಕೇಳಿಸುತ್ತದೆ. "ದುರುಗ್ಯಾ, ನಾಯಿಗಿ ಕೂಳು ಹಾಕಿದೇನು?" ಆ ಮನೆಯ ನಾಯಿ ಸತ್ತು ನಾಲ್ಕು ವರ್ಷವಾಗಿದೆ. ಮುದುಕಿಗೆ ಅರಳುಮರುಳು ಎಂದು ನೆರೆಯವರು ಮರುಗುತ್ತಾರೆ.

ವೆಂಕಮ್ಮ ಫೋನಿಟ್ಟು ನಗುತ್ತಲೇ ತನ್ನ ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ನೀರು ಕುಡಿಯುವ ಹೊತ್ತಿಗೆ ನಗು ನಿಂತಿರುತ್ತದೆ. ಯಮನೂರಪ್ಪನ ನಾಯಿಯೂ ಬೊಗಳಿತ್ತು. ಅದರ ಕೂಳು ಬಿಡಿಸಿದವಳು ಅವಳು.