ತೊಳೆದಿಟ್ಟ ಬಾವಿ

ಗುಂಜಿಯ ಆಚೆ, ಕಾಡಂಚಿನ ಒಂದು ಊರಿನವರಿಗೂ ಪಕ್ಕದ ಬಣ್ಣದ ಕಾರ್ಖಾನೆಗೂ ತಕರಾರು: ಕಾರ್ಖಾನೆಯ ಹೊಲಸಿನಿಂದ ಬಾವಿ ನೀರು ಕೆಟ್ಟಿದೆಯೋ ಇಲ್ಲವೋ ಎಂದು. ನಾನು ಬೆಳಗಾವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಖಾನಾಪುರದಲ್ಲಿ ಸಭೆ ಕೂಡಿದಾಗ ಎರಡೂ ಕಡೆಯವರು ನನ್ನನ್ನೇ ಒಪ್ಪಿದರು. ಒಂದೇ ಬಾವಿ, ಒಂದೇ ಸಲ, ಎಲ್ಲರೆದುರು ನೀರು ತೆಗೆದು ಪರೀಕ್ಷಿಸುವುದು. ಏನೇ ಬರಲಿ, ಆಮೇಲೆ ಯಾರೂ ಚಕಾರ ಎತ್ತಬಾರದು. ಈ ಷರತ್ತು ಬರೆದವನು ನಾನೇ. ಬರೆದು ಬೀಗಿದ್ದೆ ಕೂಡ.

ಆರಿಸಿದ ಬಾವಿ ಒಬ್ಬ ಅಜ್ಜಿಯ ಹಿತ್ತಲಿನದು. ಅವಳ ಮೊಮ್ಮಗಳಿಗೆ ಮೈತುಂಬ ಹುಣ್ಣು. ತೀರ್ಮಾನ ಆಗುವ ತನಕ ಕಾರ್ಖಾನೆಯವರು ಟ್ಯಾಂಕರಿನಲ್ಲಿ ನೀರು ಕಳಿಸುತ್ತಿದ್ದರು.

ನಾವು ಹೋದಾಗ ಬಾವಿಕಟ್ಟೆಗೆ ರಂಗೋಲಿ ಹಾಕಿದ್ದರು. ಚಹಾ ಕುಡಿದು, ಎಲ್ಲರೆದುರು ಬಾಟಲಿ ತುಂಬಿ ಅರಗಿನ ಮುದ್ರೆ ಒತ್ತಿದೆ. ಹತ್ತಿರದಲ್ಲೇ ಹಸಿ ಕೆಸರಿನ ಗುಡ್ಡೆಯಿತ್ತು. ನೋಡಿದೆ, ಕೇಳಲಿಲ್ಲ. ಮಧ್ಯಸ್ಥನಾದವನು ಬಾಯಿ ಬಿಡಬಾರದು ಎಂಬ ದೊಡ್ಡಸ್ತಿಕೆ ನನಗೆ.

ಪರೀಕ್ಷೆಯಲ್ಲಿ ನೀರು ಕುಡಿಯಲು ಯೋಗ್ಯ ಎಂದು ಬಂತು. ಸಹಿ ಹಾಕಿ ವರದಿ ಕೊಟ್ಟೆ. ಆದರೂ ಮನಸ್ಸು ತಡೆಯದೆ ಊರಿಗೆ ಹೋಗಿ ಆ ಕೆಸರಿನ ಬಗ್ಗೆ ಕೇಳಿದೆ.

“ನೀವು ಬರೂ ಹಿಂದಿನ ದಿನಾನ ನೀರೆಲ್ಲಾ ಉಪಸಿ, ಕೆಸರು ತಗದು, ಸುಣ್ಣಾ ಹಾಕ್ಸಿದ್ನಿರಿ,” ಎಂದಳು ಅಜ್ಜಿ. “ಮನಿಗಿ ಬಂದ ಮಂದಿ ಮುಂದ ಹೊಲಸ ನೀರು ಹೆಂಗ ಇಡೂದ್ರಿ?”

ನನಗೆ ನನ್ನ ಮೇಲೇ ಅಸಹ್ಯವಾಯಿತು. ಕಾರ್ಖಾನೆಗೆ ಓಡಿದೆ, ಇನ್ನೊಂದು ಸಲ ನೀರು ತೆಗೆಯೋಣ ಎಂದು ಅಂಗಲಾಚಿದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಕೂರಿಸಿದ. “ಒಂದ ಸಲ ಅಂತ ನೀವ ಬರದೀರಲ್ರಿ, ಸರ,” ಎಂದ. ಮರುದಿನವೇ ಟ್ಯಾಂಕರ್ ನಿಂತಿತು.

ವಾರದ ಮೇಲೆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಕಾಲೇಜಿಗೆ ಬಂದಳು. “ನಿಮ್ಮ ಸಹಿ ಐತೆಲ್ರಿ. ಬಾವಿ ನೀರು ಈಕಿಗಿ ಕುಡಸ್ಲೇನ್ರಿ?”

“ಬ್ಯಾಡ ಆಯಿ,” ಎಂದೆ.

“ಹಂಗಾದ್ರ ಏನು ಕುಡಸ್ಲಿರಿ?”

ಅವಳು ಸಿಟ್ಟಾದರೂ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಗಟಗಟನೆ ಕುಡಿಯತೊಡಗಿದಳು. ಅರ್ಧವಾಗುತ್ತಲೇ ಅಜ್ಜಿ ಬಾಟಲಿ ಹಿಡಿದುಕೊಂಡಳು.

“ಸಾಕವಾ. ಸಂಜೀಕ ಇರ್ಲಿ.”